ಗುಂಡನ ನಂಬರ್ ಪ್ಲೇಟು

ನಮ್ಮ ಮನೆಗೆ ಮೊದಲ ಸಲ ಬಂದವರು ಚಪ್ಪಲಿ ಬಿಡುವ ಮುಂಚೆಯೇ, "ನಿಮ್ಮನೆಯವರದ್ದು ಗ್ಯಾರೇಜಾ?" ಎಂದು ಕೇಳುತ್ತಾರೆ. ಅಲ್ಲ ಎಂದರೆ ಅವರ ಮುಖದಲ್ಲಿ ಇನ್ನೊಂದು ಪ್ರಶ್ನೆ ಮೂಡಿ, ಬಾಯಿಯವರೆಗೆ ಬಂದು, ಹಾಗೆಯೇ ಗಂಟಲಿಗಿಳಿಯುತ್ತದೆ. ಕದ್ದ ಗಾಡಿ ಬಿಚ್ಚಿ ಮಾರುತ್ತೀರಾ ಎಂದು ಮನೆಯ ಹೆಂಗಸನ್ನು ಎದುರಿಗೇ ಕೇಳಲು ಯಾರಿಗೂ ನಾಲಿಗೆ ಹೊರಳುವುದಿಲ್ಲ.

ಅವರದೇನೂ ತಪ್ಪಿಲ್ಲ. ನಡುಮನೆಯ ಮೂರು ಗೋಡೆ, ಮೆಟ್ಟಿಲ ಪಕ್ಕ, ಬಚ್ಚಲುಮನೆಯ ಬಾಗಿಲ ಹಿಂದೆ, ಎಲ್ಲೆಲ್ಲೂ ನಂಬರ್ ಪ್ಲೇಟುಗಳು. ನಮ್ಮ ಮದುವೆಯ ಫೋಟೋ ಫ್ರಿಜ್ಜಿನ ಮೇಲೆ ಒರಗಿಕೊಂಡು ನಿಂತಿದೆ. ಅದರ ಮೊಳೆಗೆ ಒಂದು ಟ್ರ್ಯಾಕ್ಟರಿನ ಪ್ಲೇಟು ಬಂದು ಕೂತಿದೆ. ನಾನು ಗೊಣಗಿದಾಗ ನಮ್ಮನೆಯವರು, "ಫೋಟೋ ಇನ್ನೊಂದು ತೆಗೆಸಬಹುದು ಕಣೇ, ಇಂಥ ಪ್ಲೇಟು ಸಿಗಲ್ಲ" ಎಂದರು. "ಗಂಡು ಇದೇ ಇರಬೇಕಾ, ಬೇರೆಯಾದ್ರೂ ಆಗುತ್ತಾ?" ಎಂದು ಕೇಳಿದೆ. ಪ್ಲೇಟು ಒರೆಸುತ್ತಾ ತಲೆ ಎತ್ತದೆ, "ನಿನ್ನಿಷ್ಟ" ಎಂದುಬಿಟ್ಟರು.

ನಮ್ಮನೆಯವರು ಸಾರಿಗೆ ಕಚೇರಿಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರು. ಹಳೆಯ ಗಾಡಿಗಳನ್ನು ಪರೀಕ್ಷೆ ಮಾಡಿ, ಇದು ರಸ್ತೆಗಿಳಿಯಲು ಲಾಯಕ್ಕು ಎಂದು ಎಫ್‌ಸಿ ಕೊಡುವುದು, ಅಲ್ಲದಿದ್ದರೆ ವಾಪಸ್ ಕಳಿಸುವುದು ಅವರ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಂಡವರ ಗಾಡಿಯ ಕೆಳಗೆ ತೂರಿ, ಮನೆಗೆ ಬಂದಮೇಲೆ ಕಂಡವರ ಗಾಡಿಯ ಪ್ಲೇಟು ಉಜ್ಜುತ್ತಾರೆ. ಒಂದು ಸಲವೂ ಯಾರಿಂದಲೂ ಏನನ್ನೂ ಮುಟ್ಟಿದವರಲ್ಲ. ಹಾಗಾಗಿ ಲಾರಿಯವರಿಗೆ ಅವರನ್ನು ಕಂಡರೆ ಆಗುವುದಿಲ್ಲ. "ಆ ಮನುಷ್ಯನಿಗೆ ಕೊಡೋಕೂ ಆಗಲ್ಲ, ಬಿಡೋಕೂ ಆಗಲ್ಲ" ಎಂದು ಬೈದುಕೊಳ್ಳುತ್ತಾರೆ.

ಊಟಕ್ಕೆ ಕೂತರೆ ಪ್ಲೇಟಿನ ಪುರಾಣ ಶುರು. ಮೊದಮೊದಲು ಸರ್ಕಾರ ಬರೀ ನಂಬರು ಕೊಡುತ್ತಿತ್ತಂತೆ, ಪ್ಲೇಟು ಗಾಡಿಯವರ ತಲೆನೋವು. ಕೆಲವರು ಮರದ ಹಲಗೆಗೆ ಬಣ್ಣ ಬಳಿದರಂತೆ, ಕೆಲವರು ತೊಗಲಿನ ತುಂಡಿಗೆ ಹಿತ್ತಾಳೆಯ ಅಂಕಿ ಹೊಡೆಸಿದರಂತೆ. ಯಾವುದೋ ದೇಶದಲ್ಲಿ ಯುದ್ಧಕಾಲಕ್ಕೆ ಕಬ್ಬಿಣ ಸಾಲದೆ ಸೋಯಾ ಹಾಕಿ ಮಾಡಿದ ರಟ್ಟಿನ ಪ್ಲೇಟು ಕೊಟ್ಟರೆ, ನಿಲ್ಲಿಸಿದ ಗಾಡಿಗಳಿಂದ ಹಸು, ಮೇಕೆಗಳು ಅದನ್ನು ಕಚ್ಚಿ ತಿಂದವಂತೆ.

"ಆಮೇಲೆ ಪೊಲೀಸ್ನೋರು ಹಸುನ ಹಿಡಿದ್ರಾ?" ಎಂದು ನಮ್ಮ ಪುಟ್ಟಿ ಕೇಳಿದಳು.

"ಹಸುನ ಯಾಕೆ ಹಿಡೀತಾರೆ?"

"ನಂಬರು ಹಸು ಹತ್ರ ಇತ್ತಲ್ಲಪ್ಪಾ."

ನಮ್ಮನೆಯವರು ತುತ್ತು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿದರು. ಅವರಿಗೆ ಅದು ತಮಾಷೆ ಅನ್ನಿಸಲಿಲ್ಲ, ಕಾನೂನಿನ ಪ್ರಶ್ನೆ ಅನ್ನಿಸಿತು.

ಇಂಥ ಮನುಷ್ಯ ತಮಗೆ ತಾವೇ ಒಂದು ನಿಯಮ ಹಾಕಿಕೊಂಡಿದ್ದರು. ಓಡಾಡುತ್ತಿರುವ ಗಾಡಿಯ ಪ್ಲೇಟನ್ನು ಕೇಳಬಾರದು. ಗಾಡಿ ಗುಜರಿಗೆ ಹೋದಮೇಲೆ, ಇನ್ನು ಅದಕ್ಕೆ ನಂಬರು ಬೇಡ ಎಂದಾದಮೇಲೆ ಮಾತ್ರ ಕೈ ಚಾಚಬೇಕು. ಬದುಕಿರುವ ಮನುಷ್ಯನ ಕನ್ನಡಕದ ಮೇಲೆ ಕಣ್ಣು ಹಾಕಬಾರದಲ್ಲ, ಹಾಗೆ. ಈ ನಿಯಮದಿಂದ ಅವರಿಗೆ ತೊಂದರೆಯಾದದ್ದು ಒಂದೇ ಒಂದು ಪ್ಲೇಟಿನ ವಿಷಯದಲ್ಲಿ.

ನಮ್ಮೂರಿಗೆ ಸ್ವಂತ ಸಾರಿಗೆ ಕಚೇರಿ ಬಂದಾಗ ಮೊದಲ ಇಪ್ಪತ್ತೈದು ಗಾಡಿಗಳಿಗೆ ಮುಂದೆ ಹಾಕಲು ಎನಾಮೆಲ್ ಪ್ಲೇಟು ಕೊಟ್ಟಿದ್ದರು. ಪಿಂಗಾಣಿ ಬಟ್ಟಲಿನ ಹಾಗೆ ಹೊಳೆಯುವ ಕಪ್ಪು, ಅದರ ಮೇಲೆ ಹಾಲಿನಂಥ ಬಿಳಿ ಅಂಕಿ. ಅಷ್ಟರಲ್ಲಿ ಎನಾಮೆಲ್ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತು, ಇಪ್ಪತ್ತಾರನೆಯದರಿಂದ ಬರೀ ಬಣ್ಣ ಬಳಿದ ತಗಡು. ಆ ಇಪ್ಪತ್ತೈದರಲ್ಲಿ ಇಪ್ಪತ್ತನಾಲ್ಕು ನಮ್ಮ ನಡುಮನೆಯಲ್ಲಿವೆ. ಹದಿನೇಳನೇ ನಂಬರು ಮಾತ್ರ ಇಲ್ಲ. ಹದಿನೇಳು ಇನ್ನೂ ರಸ್ತೆಯ ಮೇಲಿತ್ತು. ಅದನ್ನು ಓಡಿಸುತ್ತಿದ್ದವಳು ನಾನೇ.

ಅದು ನಮ್ಮ ಲಾಂಡ್ರಿಯ ವ್ಯಾನು. ನಮ್ಮ ಅಂದರೆ ಅತ್ತೆಯದು. ನಮ್ಮನೆಯವರಿಗೆ ಸೋದರತ್ತೆ. ತಾಯಿಯಿಲ್ಲದ ಮಗುವನ್ನು ಮೈಲಿಗೆ ಬಟ್ಟೆಯ ಗಂಟುಗಳ ಮೇಲೆ ಮಲಗಿಸಿ, ಮಡಿ ಬಟ್ಟೆಯ ಗಂಟುಗಳ ಮೇಲೆ ಓದಿಸಿ, ಕೆಲಸಕ್ಕೆ ಸೇರಿಸಿದವರು. ಮದುವೆಯಾದ ಮಾರನೆಯ ವಾರ ನನ್ನ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟರು, ಮುಂದಿನ ವರ್ಷ ವ್ಯಾನಿನ ಕೀಲಿಕೈ. ವ್ಯಾನಿಗೆ ಗುಂಡ ಎಂದು ಅವರೇ ಇಟ್ಟ ಹೆಸರು. ಮೂಗು ಮೊಂಡು, ಬೆನ್ನು ಉಬ್ಬು, ಏರು ಬಂದರೆ ಕೆಮ್ಮು. ಬೇರೆ ವ್ಯಾನು ಕೊಳ್ಳೋಣ ಎಂದರೆ ಅತ್ತೆ, "ನನಗೂ ಮಂಡಿ ನೋವಿದೆ, ನನ್ನನ್ನೂ ಬದಲಾಯಿಸ್ತೀಯಾ?" ಎನ್ನುತ್ತಿದ್ದರು.

ಭಾನುವಾರ ನಮ್ಮನೆಯವರು ಲಾಂಡ್ರಿಗೆ ಬಂದರೆ ಮೊದಲು ಅಂಗಳಕ್ಕೆ ಹೋಗಿ ಗುಂಡನ ಮುಂದೆ ಕುಕ್ಕರಗಾಲಲ್ಲಿ ಕೂರುವರು. ಅತ್ತೆ ಬಟ್ಟೆ ಮಡಿಸುತ್ತಲೇ ಕಿಟಕಿಯಿಂದ ನೋಡುವರು.

"ನಮಸ್ಕಾರ ಮುಗೀತಾ? ಒಳಗೆ ಬಾ, ನಾನೂ ಇದ್ದೀನಿ."

"ಗುಂಡ ಹೇಗಿದ್ದಾನೆ ಅತ್ತೆ?"

"ಚೆನ್ನಾಗಿದ್ದಾನೆ. ಬೇಜಾರಾಯ್ತಾ?"

"ಹಾಗ್ಯಾಕೆ ಅಂತೀರಿ?"

"ಹೋದ ವಾರ ಕೆಮ್ತಾ ಇದ್ದ ಅಂದೆ, ಮೂರು ದಿನ ಫೋನ್ ಮಾಡಿ ವಿಚಾರಿಸಿದೆ. ನನಗೆ ಜ್ವರ ಬಂದಾಗ ಒಂದೇ ಸಲ ಮಾಡಿದ್ದೆ."

"ನಿಮಗೆ ಜ್ವರ ಒಂದೇ ದಿನಕ್ಕೆ ಇಳೀತಲ್ಲ ಅತ್ತೆ."

"ನೋಡಿದೆಯೇನೇ ನಿನ್ನ ಗಂಡನ್ನ," ಎಂದು ಅತ್ತೆ ನನ್ನ ಕಡೆ ತಿರುಗುವರು. "ಗಾಡಿ ಯಾವಾಗ ಕಣ್ಣು ಮುಚ್ಚುತ್ತೆ ಅಂತ ತಲೆದೆಸೇಲಿ ಕೂತು ಕಾಯ್ತಾನೆ. ಇವನು ಕಾಯೋವರೆಗೂ ನಾನು ಗುಂಡನ್ನ ಸಾಯೋಕೆ ಬಿಡಲ್ಲ."

ನಿಜಕ್ಕೂ ಬಿಡಲಿಲ್ಲ. ಗ್ರೀಸಣ್ಣ ಎಂಬ ಮೆಕ್ಯಾನಿಕ್ಕು ತಿಂಗಳಿಗೊಮ್ಮೆ ಬಂದು, ಗುಂಡನ ಹೊಟ್ಟೆಯೊಳಗೆ ಕೈ ಹಾಕಿ, ಏನಾದರೊಂದು ಹೊಸದು ಕೂರಿಸಿ ಹೋಗುತ್ತಿದ್ದ. ಅವನ ಪ್ರಕಾರ ಗುಂಡನಲ್ಲಿ ಹಳೆಯದಾಗಿ ಉಳಿದಿದ್ದದ್ದು ಎರಡೇ, ಬಾಡಿ ಮತ್ತು ನಂಬರ್ ಪ್ಲೇಟು.

ಆ ಪ್ಲೇಟಿನ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಮುಖ್ಯರಸ್ತೆಯ ಹಲ್ಲಿನ ಡಾಕ್ಟ್ರು. ಅವರೂ ಪ್ಲೇಟು ಕೂಡಿಡುವವರೇ. ಅವರ ಹತ್ತಿರ ದೂರದೂರದ ದೇಶಗಳದ್ದೆಲ್ಲ ಇದ್ದವು. ನಮ್ಮೂರಿನ ಎನಾಮೆಲ್ ಮಾತ್ರ ಒಂದೂ ಇರಲಿಲ್ಲ, ಇದ್ದಬದ್ದದ್ದನ್ನೆಲ್ಲ ನಮ್ಮನೆಯವರು ಗುಜರಿ ಅಂಗಡಿಗಳಿಂದ ಮೊದಲೇ ಬಾಚಿಕೊಂಡಿದ್ದರು. ಡಾಕ್ಟ್ರಿಗೆ ನಿಯಮಗಿಯಮ ಇಲ್ಲ. ಬಿಳಿ ಕೋಟು ಇಸ್ತ್ರಿಗೆ ಕೊಡಲು ತಾವೇ ಬಂದು, ಕೌಂಟರಿಗೆ ಒರಗಿ, "ಅಮ್ಮಾ, ಆ ಪ್ಲೇಟ್ ಒಂದು ಕೊಡಿ, ಏನು ಬೇಕಾದ್ರೂ ಕೇಳಿ" ಎನ್ನುತ್ತಿದ್ದರು. ಅತ್ತೆಯದು ಒಂದೇ ಉತ್ತರ. "ಅವನ ಕಾಟವೇ ಸಾಕಾಗಿದೆ, ನೀವೂ ಸರದಿಗೆ ನಿಲ್ಲಬೇಡಿ."

ಗುಂಡನ ಎಫ್‌ಸಿ ಮುಗಿಯುವ ಕಾಲ ಬಂದದ್ದು ಇದೇ ಹೊತ್ತಿಗೆ. ಅದೂ ಎಂಥ ಹೊತ್ತಿಗೆ ಅಂದರೆ, ಆಸ್ಪತ್ರೆಯವರು ಗೇಟಿಗೆ ಹೊಸ ಸೆಕ್ಯೂರಿಟಿ ಹಾಕಿ, ಸೋಮವಾರದಿಂದ ಎಫ್‌ಸಿ ಇಲ್ಲದ ಯಾವ ಗಾಡಿಯನ್ನೂ ಒಳಗೆ ಬಿಡುವುದಿಲ್ಲ ಎಂದು ಹೇಳಿಕಳಿಸಿದ್ದರು. ಆಸ್ಪತ್ರೆಯ ಹಾಸಿಗೆಬಟ್ಟೆ, ಪರದೆ, ಡಾಕ್ಟರುಗಳ ಗೌನು, ಅಷ್ಟೂ ನಮ್ಮಲ್ಲೇ ಒಗೆಯಬೇಕು. ಲಾಂಡ್ರಿ ನಿಂತಿರುವುದೇ ಆ ಕೆಲಸದ ಮೇಲೆ. ಬಟ್ಟೆ ಒಂದು ದಿನ ತಪ್ಪಿದರೂ ಬೇರೆಯವರಿಗೆ ಕೊಡುತ್ತೇವೆ ಎಂದು ಅಲ್ಲಿನ ಮೇಡಮ್ಮು ಮೊದಲೇ ಹೇಳಿದ್ದರು. ಗುಂಡನಿಗೆ ಎಫ್‌ಸಿ ಸಿಗದಿದ್ದರೆ ಲಾಂಡ್ರಿ ಇಲ್ಲ. ಲಾಂಡ್ರಿ ಇಲ್ಲದಿದ್ದರೆ ಈ ವಯಸ್ಸಿನಲ್ಲಿ ಅತ್ತೆ ಏನು ಮಾಡುವುದು, ನಾನೆಲ್ಲಿ ಹೋಗುವುದು?

ಪ್ರತಿ ಸಲ ಗುಂಡನನ್ನು ಪರೀಕ್ಷೆ ಮಾಡುತ್ತಿದ್ದದ್ದು ಕಚೇರಿಯ ಇನ್ನೊಬ್ಬ ಇನ್ಸ್‌ಪೆಕ್ಟರು. ಸ್ವಂತ ಅತ್ತೆಯ ಗಾಡಿ ಎಂದು ನಮ್ಮನೆಯವರು ಅದನ್ನು ಮುಟ್ಟುತ್ತಿರಲಿಲ್ಲ. ಈ ಸಲ ಆ ಪುಣ್ಯಾತ್ಮ ಕೈ ಎತ್ತಿಬಿಟ್ಟರು. ನಮ್ಮ ಮನೆಗೇ ಬಂದು, ಟೀ ಕುಡಿದು, ಗೋಡೆಯ ಮೇಲೆ ಹದಿನಾರಕ್ಕೂ ಹದಿನೆಂಟಕ್ಕೂ ನಡುವಿನ ಖಾಲಿ ಜಾಗ ನೋಡಿ, ನಿಟ್ಟುಸಿರು ಬಿಟ್ಟರು.

"ನಾನು ಪಾಸ್ ಮಾಡಿದ್ರೆ ನಿಮಗೆ ಮನಸ್ಸಿಗೆ ಹಿಂಸೆ. ಫೇಲ್ ಮಾಡಿದ್ರೆ ನಿಮಗೋಸ್ಕರ ಮಾಡಿದೆ ಅಂತ ಆಫೀಸೆಲ್ಲ ಮಾತಾಡುತ್ತೆ. ನನಗ್ಯಾಕೆ ಸಾರ್ ಬೇಕು? ಸಾಹೇಬರಿಗೆ ಹೇಳಿದ್ದೀನಿ. ನೀವೇ ಮಾಡಿ, ಎಲ್ಲರ ಎದುರಿಗೆ, ಬಯಲಲ್ಲಿ ಮಾಡಿ ಅಂದ್ರು."

ಅವರು ಹೋದಮೇಲೆ ನಾನು ಕೇಳಿದೆ. "ಏನ್ರೀ ಮಾಡ್ತೀರಿ?"

"ಗಾಡಿ ಹೇಗಿದೆಯೋ ಹಾಗೆ ಬರೀತೀನಿ."

"ಚೆನ್ನಾಗಿದೆ ಅಂತ ನಿಮಗೇ ಗೊತ್ತಲ್ಲ. ವಾರವಾರ ವಿಚಾರಿಸ್ತೀರಿ."

"ವಿಚಾರಿಸೋದು ಬೇರೆ, ಪರೀಕ್ಷೆ ಬೇರೆ."

"ರೀ, ನಿಜ ಹೇಳಿ. ಫೇಲ್ ಆಗಲಿ ಅಂತ ಒಳಗೊಳಗೇ ಆಸೆ ಇದೆಯಾ?"

ಗೋಡೆಯ ಖಾಲಿ ಜಾಗದ ಕಡೆ ನೋಡಿದರು. ಆಮೇಲೆ, "ಇದೆ. ಅದಕ್ಕೇ ಭಯ" ಎಂದರು. ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೆಂಡತಿಗೆ ಅದೊಂದು ದೊಡ್ಡ ಕಷ್ಟ.

ಶುಕ್ರವಾರ ಬೆಳಗ್ಗೆ ಗ್ರೀಸಣ್ಣ ಗುಂಡನ ಬ್ರೇಕು, ಲೈಟು, ಹಾರ್ನು ಎಲ್ಲವನ್ನೂ ಇನ್ನೊಮ್ಮೆ ಮುಟ್ಟಿ ನೋಡಿದ. ಅತ್ತೆ ತಮ್ಮ ಕೈಯಾರೆ ಗುಂಡನನ್ನು ತೊಳೆದು, ಆಸ್ಪತ್ರೆಯ ದಿಂಬಿನ ಹಳೇ ಚೀಲದಲ್ಲಿ ಒರೆಸಿದರು. ಪ್ಲೇಟನ್ನಂತೂ ಕನ್ನಡಿಯ ಹಾಗೆ ಉಜ್ಜಿದ್ದರು. "ನೋಡಲಿ, ಹೊಟ್ಟೆ ಉರ್ಕೊಳ್ಳಲಿ" ಎನ್ನುತ್ತಾ ನನ್ನ ಪಕ್ಕ ಹತ್ತಿ ಕೂತರು.

ಸಾರಿಗೆ ಕಚೇರಿಯ ಬಯಲಿನಲ್ಲಿ ಆ ದಿನ ಕೆಲಸವಿದ್ದವರಿಗಿಂತ ಇಲ್ಲದವರೇ ಜಾಸ್ತಿ. ಸಾಲಿನಲ್ಲಿ ನಿಂತ ಲಾರಿಗಳ ಡ್ರೈವರುಗಳು, ಟೈಪಿಂಗ್ ಅಂಗಡಿಯವರು, ಟೀ ಮಾರುವವನು, ಬಾಗಿಲಲ್ಲಿ ಕೈಕಟ್ಟಿ ನಿಂತ ಸಾಹೇಬರು. ಹಲ್ಲಿನ ಡಾಕ್ಟ್ರೂ ಕ್ಲಿನಿಕ್ಕಿಗೆ ಬೀಗ ಹಾಕಿ ಬಂದಿದ್ದರು. ಮರದ ಕೆಳಗೆ ಟೀ ಹಿಡಿದುಕೊಂಡು, ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಗೊತ್ತಾಗದ ಹಾಗೆ ಎಲ್ಲರಿಗೂ ನಗೆ ಬೀರುತ್ತಿದ್ದರು.

ನಮ್ಮನೆಯವರು ಖಾಕಿ ಅಂಗಿಯಲ್ಲಿ ಬಂದರು. ನನ್ನನ್ನು ಗುರುತೇ ಇಲ್ಲದವರ ಹಾಗೆ, "ಡ್ರೈವರು ಯಾರು?" ಎಂದರು.

"ಬೆಳಗ್ಗೆ ನಿಮಗೆ ಡಬ್ಬಿ ಕಟ್ಟಿಕೊಟ್ಟವಳು," ಎಂದೆ. ಡ್ರೈವರುಗಳು ನಕ್ಕರು. ಅವರು ನಗಲಿಲ್ಲ.

"ಲೈಟ್ ಹಾಕಿ."

ಹಾಕಿದೆ. ಬಲಕ್ಕೆ ಇಂಡಿಕೇಟರು, ಎಡಕ್ಕೆ ಇಂಡಿಕೇಟರು, ವೈಪರು, ಹಾರ್ನು. ಗುಂಡನ ಹಾರ್ನಿಗೆ ಟೀ ಮಾರುವವನ ಕೈಯಿಂದ ಲೋಟ ಜಾರಿತು. ಮುಂದೆ ಚಕ್ರ ಹಿಡಿದು ಅಲುಗಿಸಿದರು. ಸ್ಟೇರಿಂಗು ಎಷ್ಟು ಸಡಿಲ ಎಂದು ಅಳೆದರು. ಸುತ್ತಿಗೆ ತೆಗೆದುಕೊಂಡು ಗುಂಡನ ಕೆಳಗೆ ನುಗ್ಗಿದರು, ಅಲ್ಲಿಂದ ಠಣ್ ಠಣ್ ಎಂದು ಸದ್ದು.

"ಮೆಲ್ಲಗೆ ಕಣೋ," ಎಂದು ಅತ್ತೆ ಕಿಟಕಿಯಿಂದ ಬಗ್ಗಿ ಕೂಗಿದರು. "ನಿನ್ನ ಬೆನ್ನಿಗೆ ನಾನು ಯಾವತ್ತಾದ್ರೂ ಹಾಗೆ ಹೊಡೆದಿದ್ದೀನಾ?"

"ಗಾಡಿಯಿಂದ ಇಳೀರಿ, ಬ್ರೇಕ್ ನೋಡಬೇಕು," ಎಂದು ಕೆಳಗಿನಿಂದ ದನಿ ಬಂತು.

"ಯಾರಿಗೆ ರೀ ಅಂತೀಯ? ಚಡ್ಡಿ ಹಾಕಿಕೊಳ್ಳೋಕೆ ಕಲಿಸಿದ್ದು ನಾನು."

"ಇಳೀರಿ ಅತ್ತೆ, ಸಾಹೇಬರು ನೋಡ್ತಿದ್ದಾರೆ."

ಬಯಲಿನ ಉದ್ದಕ್ಕೂ ಓಡಿಸಿ ಗೆರೆಯ ಹತ್ತಿರ ಬ್ರೇಕು ಒತ್ತಿದೆ. ಗುಂಡ ಗೆರೆಯ ಮೇಲೆ ಮೂಗಿಟ್ಟು ನಿಂತ, ಒಂದು ಗೇಣು ಅತ್ತ ಇಲ್ಲ, ಇತ್ತ ಇಲ್ಲ. ಡ್ರೈವರುಗಳು ಶಿಳ್ಳೆ ಹೊಡೆದರು. ನಮ್ಮನೆಯವರ ಮುಖ ನೋಡಿದೆ. ಅದರ ಮೇಲೆ ಒಂದು ಕ್ಷಣ ನಿರಾಸೆ ಹಾದುಹೋಯಿತು, ಅದರ ಹಿಂದೆಯೇ ಹಗುರವಾದ ಒಂದು ನಗು ಬಂತು. ದೊಡ್ಡ ಆಸೆಯಿಂದ ಪಾರಾದವರ ನಗು.

"ಎಲ್ಲ ಸರಿಯಿದೆ. ಗಾಡಿ ಪಾಸು," ಎಂದು ಗಟ್ಟಿಯಾಗಿ ಹೇಳಿ ಸೀಲು ಕೈಗೆತ್ತಿಕೊಂಡರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಸೀಲು ಇಂಕಿನ ಪ್ಯಾಡಿನವರೆಗೂ ಹೋಗಿತ್ತು.

"ಸಾರ್, ಒಂದು ಮಾತು." ಸಾಲಿನಲ್ಲಿ ಮುಂದೆ ನಿಂತಿದ್ದ ಮರಳು ಲಾರಿಯ ಡ್ರೈವರು ಕೈ ಎತ್ತಿದ್ದ. "ನಿನ್ನೆ ನನ್ನ ಲಾರೀನ ವಾಪಸ್ ಕಳಿಸಿದ್ರಿ. ಹೊಸ ಥರದ ಪ್ಲೇಟ್ ಹಾಕಿಸಿಲ್ಲ ಅಂತ."

"ಹೌದು. ಮಿಷನ್ನಲ್ಲಿ ಒತ್ತಿ, ಸೀಲ್ ಹಾಕಿದ ಪ್ಲೇಟೇ ಆಗಬೇಕು. ಇಲ್ಲದಿದ್ರೆ ಎಫ್‌ಸಿ ಇಲ್ಲ. ಆರ್ಡರ್ ಇದೆ."

"ಈ ಗಾಡೀಲಿ ಅದಿಲ್ವಲ್ಲ ಸಾರ್?"

ನಮ್ಮನೆಯವರು ಗುಂಡನ ಕಡೆ ತಿರುಗಿದರು. ಉಜ್ಜಿದ ಎನಾಮೆಲ್ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಪ್ಲೇಟ್ ಇದೆಯಲ್ಲಯ್ಯಾ," ಎಂದರು, ಮಗುವಿನ ಹಾಗೆ.

ಅವರ ಬೆನ್ನ ಹಿಂದಿನ ಕಂಬಕ್ಕೆ ಆ ಆರ್ಡರನ್ನು ಅಂಟಿಸಿದ್ದರು, ಕೆಳಗೆ ಅವರದೇ ಸಹಿ. ತಿಂಗಳಿಂದ ಬಂದವರಿಗೆಲ್ಲ ಅದನ್ನೇ ಓದಿ ಹೇಳಿ ವಾಪಸ್ ಕಳಿಸಿದ್ದರು. ಊರಿನ ಯಾವ ಗಾಡಿಯ ಪ್ಲೇಟಿನಲ್ಲಿ ಒಂದು ಮೊಳೆ ಓರೆಯಿದ್ದರೂ ದೂರದಿಂದಲೇ ಕಾಣುವ ಕಣ್ಣಿಗೆ ಇದು ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಅವರ ಪಾಲಿಗೆ ಪ್ಲೇಟು ಅಂದರೆ ಅದೇ, ಮಿಕ್ಕದ್ದೆಲ್ಲ ಅದರ ನಕಲು. ನನಗದು ಗೊತ್ತಿತ್ತು. ಆದರೆ ಬಯಲಿನಲ್ಲಿ ನಿಂತಿದ್ದವರಿಗೆ ಯಾರು ಹೇಳುವುದು?

ಅವರು ತಿರುಗಿ ಆರ್ಡರನ್ನು ಓದಿದರು. ತಾವೇ ಸಹಿ ಹಾಕಿದ್ದನ್ನು ಮೊದಲ ಸಲ ನೋಡುವವರ ಹಾಗೆ ಮೇಲಿನಿಂದ ಕೆಳಗಿನವರೆಗೆ ಓದಿದರು. ಸೀಲನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತರು.

"ಪ್ಲೇಟ್ ಬಿಚ್ಚಬೇಕಾಗುತ್ತೆ," ಎಂದರು.

ಬಯಲಿಗೆ ಬಯಲೇ ಗೊಳ್ಳೆಂದಿತು. "ಪ್ಲಾನು ಭಾರಿ ಇದೆ ಸಾರ್," ಎಂದ ಒಬ್ಬ. "ಇಷ್ಟು ಹೊತ್ತು ಸುತ್ತಿಗೇಲಿ ಹೊಡೆದದ್ದು ಸುಮ್ನೆ," ಎಂದ ಇನ್ನೊಬ್ಬ. ಅತ್ತೆ ನಿಧಾನವಾಗಿ ನಡೆದು ಬಂದು ಮೇಜಿನ ಎದುರು ನಿಂತರು. ಅವರು ಕೂಗಾಡಿದ್ದರೆ ಚೆನ್ನಾಗಿತ್ತು.

"ಗಾಡಿ ಸಾಯೋದನ್ನ ಕಾಯ್ತಾನೆ ಅಂದ್ಕೊಂಡಿದ್ದೆ," ಎಂದರು. "ಜೀವ ಇರೋವಾಗಲೇ ಕಿತ್ಕೊಳ್ತಾನೆ ಅಂತ ಗೊತ್ತಿರಲಿಲ್ಲ."

"ಅತ್ತೆ, ನನಗೆ ಹೊಳೀಲೇ ಇಲ್ಲ."

"ನಿನಗೆ ಪ್ಲೇಟಿನ ವಿಷಯ ಹೊಳೀಲಿಲ್ಲ. ಕೇಳಿಸ್ಕೊಂಡ್ರೇನ್ರಪ್ಪಾ?"

ಇನ್ನೊಬ್ಬ ಇನ್ಸ್‌ಪೆಕ್ಟರು ಬಂದು ಇವರ ಕಿವಿಯ ಹತ್ತಿರ ಬಗ್ಗಿದರು. ಪಿಸುಮಾತು ಎಂದು ಅವರು ಅಂದುಕೊಂಡದ್ದು ನಮಗೆಲ್ಲ ಕೇಳಿಸಿತು. "ಹಳೇ ಗಾಡಿ, ವಿನಾಯಿತಿ ಅಂತ ಒಂದು ಸಾಲು ಬರೆದುಬಿಡಿ ಸಾರ್. ನಿಮ್ಮ ಮರ್ಯಾದೇನೂ ಉಳಿಯುತ್ತೆ, ಗಾಡೀನೂ ಹೋಗುತ್ತೆ."

"ಹಾಗಾದ್ರೆ ನನ್ನ ಲಾರಿಗೂ ಬರೀರಿ," ಎಂದ ಮರಳು ಲಾರಿಯವನು. "ಅದೇನು ಹೊಸದಾ?"

ನಾನು ಅವರನ್ನೇ ನೋಡುತ್ತಿದ್ದೆ. ಬರೆದುಬಿಡಿ ಎಂದು ಮನಸ್ಸು ಕೂಗುತ್ತಿತ್ತು. ಸೋಮವಾರ, ಆಸ್ಪತ್ರೆಯ ಗೇಟು, ಮೇಡಮ್ಮು ಎಲ್ಲ ಕಣ್ಣಮುಂದೆ ಬಂದರು. ನಮ್ಮನೆಯವರು ಪೆನ್ನಿನ ಮುಚ್ಚಳ ತೆಗೆದು ಬರೆದರು. ಹೊಸ ಪ್ಲೇಟು ಹಾಕಿಸುವವರೆಗೆ ಎಫ್‌ಸಿ ಇಲ್ಲ. ಹಾಕಿಸಿದ ಮೇಲೆ ಮತ್ತೆ ಪರೀಕ್ಷೆ ಬೇಕಿಲ್ಲ.

"ಆಯ್ತಲ್ಲ," ಎಂದರು ಅತ್ತೆ. "ಬಿಚ್ಚಿದ್ದು ಯಾರ ಮನೆಗೆ ಹೋಗುತ್ತೆ, ಅದನ್ನೂ ಬರೆದುಬಿಡು."

"ಹಳೇ ಪ್ಲೇಟು ಗಾಡಿಯವರದ್ದು. ನೀವು ಇಷ್ಟ ಬಂದವರಿಗೆ ಕೊಡಬಹುದು." ಅವರು ತಲೆ ಎತ್ತಲಿಲ್ಲ. "ನನಗೆ ಬೇಡ. ಡಾಕ್ಟ್ರಿಗೆ ಕೊಡಿ."

ಮರದ ಕೆಳಗೆ ಡಾಕ್ಟ್ರಿಗೆ ಟೀ ನೆತ್ತಿಗೇರಿತು. ಯಾರೋ ಬೆನ್ನು ತಟ್ಟಿದರು.

"ಯಾರಿಗೆ?" ಎಂದರು ಅತ್ತೆ.

"ಡಾಕ್ಟ್ರಿಗೆ. ನಾನು ಬರೆದ ಕಾಗದದಿಂದ ಬಿಚ್ಚಿದ ಪ್ಲೇಟು ನಮ್ಮನೆ ಗೋಡೆಗೆ ಬರಬಾರದು. ಇವತ್ತೂ ಬರಬಾರದು, ಮುಂದೆ ಯಾವತ್ತೂ ಬರಬಾರದು."

ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅತ್ತೆ ನನ್ನ ಕಡೆ ನೋಡಿದರು, ಇವನು ಹೇಳುವುದು ನಿಜವಾ ಎಂಬಂತೆ. ನಾನು ತಲೆಯಾಡಿಸಿದೆ. ನಿಜವಲ್ಲದ್ದು ಅವರ ಬಾಯಲ್ಲಿ ಬರುವುದಿಲ್ಲ ಎಂದು ಹೇಳಿದ್ದೆನಲ್ಲ. ಮನಸ್ಸು ಕರಗಿತೆಂದರೆ ಅತ್ತೆಯ ಬಾಯಿಗೆ ಬೈಗುಳವೇ ಬರುವುದು.

"ದಡ್ಡ," ಎಂದರು. "ಚಿಕ್ಕಂದಿನಿಂದ ದಡ್ಡ. ಏಳು ಮೇಲೆ, ಬಿಚ್ಚಿಕೊಡು. ಇವರು ಯಾರಾದ್ರೂ ಬಿಚ್ಚಿದ್ರೆ ಅದರ ಅಂಚು ಒಡೀತಾರೆ."

ತುಕ್ಕು ಹಿಡಿದ ಬೋಲ್ಟುಗಳು ಅಲ್ಲಾಡಲಿಲ್ಲ. ನಮ್ಮನೆಯವರು ಎಣ್ಣೆ ತರಿಸಿ ತೊಟ್ಟುತೊಟ್ಟಾಗಿ ಬಿಟ್ಟರು. ಸ್ಪ್ಯಾನರಿಗೂ ಎನಾಮೆಲ್ಲಿಗೂ ನಡುವೆ ತಮ್ಮ ಕರವಸ್ತ್ರ ಮಡಿಸಿಟ್ಟರು. ಮರಳು ಲಾರಿಯವನೇ ಬಂದು ಕೆಳಗಿನಿಂದ ನಟ್ಟು ಹಿಡಿದುಕೊಂಡ. "ಬೇಜಾರು ಮಾಡ್ಕೋಬೇಡಿ ಸಾರ್, ನಾನು ಸುಮ್ನೆ ಕೇಳಿದ್ದು," ಎಂದ. "ಸರಿಯಾಗೇ ಕೇಳಿದೆ, ಗಟ್ಟಿಯಾಗಿ ಹಿಡ್ಕೋ," ಎಂದರು ಇವರು. ಪ್ಲೇಟು ಕೈಗೆ ಬಂದಮೇಲೆ ಅದನ್ನು ತಿರುಗಿಸಿ ಬೆನ್ನು ನೋಡಿದರು. ಅಲ್ಲಿ ಕಾರ್ಖಾನೆಯ ಮುದ್ರೆ ಹಾಗೇ ಉಳಿದಿತ್ತು. ಅದರ ಮೇಲೆ ಒಂದು ಸಲ ಹೆಬ್ಬೆರಳು ಆಡಿಸಿ, ಎರಡೂ ಕೈಯಲ್ಲಿ ಹಿಡಿದು ಡಾಕ್ಟ್ರ ಕಡೆ ಚಾಚಿದರು.

ಡಾಕ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. "ಹೀಗೆ ಕೊಟ್ರೆ ಹೇಗೆ ಸಾರ್ ತಗೊಳ್ಳಲಿ? ನನಗೇ ಒಂಥರಾ ಆಗ್ತಿದೆ."

"ಒಂಥರಾ ಆಗೋದು ಆಮೇಲೆ," ಎಂದು ಅತ್ತೆ ನಡುವೆ ಬಂದು ಪ್ಲೇಟನ್ನು ತಾವು ಇಸಿದುಕೊಂಡರು. "ಅವನು ಕೊಡಿ ಅಂದ, ಬಿಟ್ಟಿ ಕೊಡಿ ಅನ್ಲಿಲ್ಲ. ನನಗೆ ಹಲ್ಲು ಕಟ್ಟಿಕೊಡಬೇಕು, ಮೇಲಿನ ಸಾಲು ಪೂರ್ತಿ, ಕೆಳಗಿನ ಸಾಲು ಪೂರ್ತಿ. ಅಲ್ಲಾಡಬಾರದು. ಮಾತಾಡೋವಾಗ ಉದುರಬಾರದು."

"ಆಗಲಿ ಅಮ್ಮಾ."

"ಜಗಳ ಆಡೋವಾಗಲೂ."

"ಗ್ಯಾರಂಟಿ ಕೊಡ್ತೀನಿ."

ಕಚೇರಿಯ ಮೂಲೆಯಲ್ಲಿ ಹೊಸ ಪ್ಲೇಟು ಒತ್ತುವ ಕೌಂಟರು. ಸರದಿಯಲ್ಲಿ ನಾವು ಕೊನೆಯವರು. ಮರಳು ಲಾರಿಯವನು ತನ್ನ ಸರದಿ ನಮಗೆ ಬಿಟ್ಟ, ಅವನ ಹಿಂದಿನವರೂ ಗೊಣಗುತ್ತಲೇ ಬಿಟ್ಟರು. ಶನಿವಾರ ಮಧ್ಯಾಹ್ನ ಗುಂಡನ ಮೂಗಿಗೆ ಹೊಸ ಪ್ಲೇಟು ಬಿತ್ತು, ಸಂಜೆಗೆ ಎಫ್‌ಸಿ ಕೈಗೆ ಬಂತು. ಸೋಮವಾರ ಆಸ್ಪತ್ರೆಯ ಗೇಟಿನಲ್ಲಿ ಸೆಕ್ಯೂರಿಟಿಯವನು ಗುಂಡನನ್ನು ಸುತ್ತಿ ನೋಡಿ, "ಗಾಡಿ ಹಳೇದು, ಪ್ಲೇಟು ಹೊಸದು. ಕದ್ದಿದ್ದಾ?" ಎಂದ. ಕಾಗದ ತೋರಿಸಿದೆ. ಒಳಗೆ ಬಿಟ್ಟ.

ಮನೆಯಲ್ಲಿ ನಮ್ಮನೆಯವರು ಆ ವಿಷಯ ಎತ್ತಲಿಲ್ಲ. ಊಟಕ್ಕೆ ಕೂತರೆ ತೊಗಲಿನ ಪ್ಲೇಟು ಇಲ್ಲ, ಮೇಕೆ ಇಲ್ಲ. "ಅಪ್ಪ ಯಾಕೆ ಸುಮ್ನಿದ್ದಾರೆ?" ಎಂದು ಪುಟ್ಟಿ ಕೇಳಿದರೆ, "ಹಲ್ಲುನೋವು" ಎಂದುಬಿಟ್ಟೆ. ಮುಂದಿನ ಭಾನುವಾರ ಅತ್ತೆಯೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಇವರ ಖಾಕಿ ಅಂಗಿಗಳು, ಕಾಲರು ಕಾಗದದ ಹಾಗೆ ನಿಂತಿತ್ತು.

"ನೋಡು ಮರಿ," ಎಂದರು, ಬೇಕೆಂದೇ ಬೇರೆ ಕಡೆ ನೋಡುತ್ತಾ. "ಗುಂಡ ಹೋದಮೇಲೆ ಆ ಹೊಸ ಪ್ಲೇಟು ನಿನಗೇ ಇರಲಿ."

"ಆ ತಗಡು ಯಾರಿಗೆ ಬೇಕು ಅತ್ತೆ?"

"ಸೊಕ್ಕು ನೋಡು. ಹಾಗಾದ್ರೆ ಕಾಯೋದೂ ಬೇಡ. ಸುಮ್ನೆ ನನ್ನ ನೋಡೋಕೆ ಬಾ."

"ಬರ್ತೀನಲ್ಲ ವಾರವಾರ."

"ಇನ್ಮೇಲೆ ಬಂದ್ರೆ ಗೊತ್ತಾಗುತ್ತೆ, ನನಗೋಸ್ಕರ ಬರ್ತೀಯ ಅಂತ," ಎಂದರು ಅತ್ತೆ, ಅಂಗಿಯನ್ನು ಅವರ ಮಡಿಲಿಗೆ ಎಸೆದು.

ಹಲ್ಲಿನ ಅಳತೆಗೆ ಅತ್ತೆಯನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಬೇಕಿತ್ತು. ನಾನೇ ಹೋಗುತ್ತೇನೆ ಎಂದೆ. "ಅವರಿಗೆ ಮೆಟ್ಟಿಲು ಹತ್ತೋಕೆ ಇಬ್ಬರು ಬೇಕು," ಎಂದು ನಮ್ಮನೆಯವರು ಅಂಗಿ ಬದಲಾಯಿಸಿದರು. ಕ್ಲಿನಿಕ್ಕಿಗೆ ಇದ್ದದ್ದು ಒಂದೇ ಮೆಟ್ಟಿಲು.

ಕಾಯುವ ಕೋಣೆಯ ಗೋಡೆಗಳ ತುಂಬ ಬೇರೆ ದೇಶದ ಪ್ಲೇಟುಗಳು. ನಮ್ಮನೆಯವರು ಒಂದೊಂದನ್ನೂ ನೋಡಿದರು. ಹದಿನೇಳು ಅಲ್ಲಿರಲಿಲ್ಲ. ಒಳಗೆ ಅತ್ತೆಯ ಬಾಯಿಗೆ ಅಚ್ಚು ತೆಗೆದು ಮುಗಿಸಿ ಡಾಕ್ಟ್ರು ಹೊರಗೆ ಬಂದಾಗ, ಕೇಳಬಾರದು ಎಂದುಕೊಂಡಿದ್ದರೂ ನಮ್ಮನೆಯವರು ಕೇಳಿಯೇಬಿಟ್ಟರು.

"ಅದು ಕಾಣಿಸ್ತಾ ಇಲ್ವಲ್ಲ?"

"ಒಳಗೆ ಛಾವಣಿಗೆ ಹಾಕಿಸಿದ್ದೀನಿ ಸಾರ್. ಕುರ್ಚಿಗೆ ಸರಿಯಾಗಿ ಮೇಲೆ. ಕುರ್ಚಿ ಹಿಂದಕ್ಕೆ ಬಾಗಿಸಿ ಮಲಗಿದವರಿಗೆ ಮಾತ್ರ ಕಾಣೋದು. ಬಾಯಿ ತೆಗೆದುಕೊಂಡು ಸುಮ್ನೆ ಬಿದ್ದಿರ್ತಾರಲ್ಲ ಪಾಪ, ನೋಡೋಕೆ ಏನಾದ್ರೂ ಬೇಡವಾ?"

ನಮ್ಮನೆಯವರು ನೆಲ ನೋಡಿದರು. ಬಾಗಿಲು ನೋಡಿದರು. ನನ್ನನ್ನು ಮಾತ್ರ ನೋಡಲಿಲ್ಲ.

"ಡಾಕ್ಟ್ರೇ, ನನ್ನ ಹಿಂದಿನ ಹಲ್ಲೊಂದು ಸ್ವಲ್ಪ ಜುಮ್ಮನ್ನುತ್ತೆ."

ಈ ಮನುಷ್ಯನ ಹಲ್ಲು ನನಗೆ ಗೊತ್ತಿಲ್ಲವೇ? ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲೇ ತೆಗೆಯುವವರು. ಸುಳ್ಳು ಹೇಳಲು ಬರುವುದಿಲ್ಲ ಎಂದು ನಾನು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅಚ್ಚಿನ ಅಂಟು ಇನ್ನೂ ತುಟಿಗೆ ಮೆತ್ತಿಕೊಂಡಿದ್ದ ಅತ್ತೆ ಬಾಗಿಲಲ್ಲಿ ನನ್ನ ಕೈ ಒತ್ತಿದರು, ಸುಮ್ಮನಿರು ಎಂಬ ಹಾಗೆ.

ಡಾಕ್ಟ್ರು ಅವರನ್ನು ಕುರ್ಚಿಯ ಮೇಲೆ ಮಲಗಿಸಿ, ಕಾಲಿನಿಂದ ಒತ್ತಿ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿದರು. ನಮ್ಮನೆಯವರ ಬಾಯಿ ತಾನಾಗಿಯೇ ತೆರೆದುಕೊಂಡಿತು. ಡಾಕ್ಟ್ರು ಕನ್ನಡಿ ಹಾಕಿ ಅತ್ತ ನೋಡಿದರು, ಇತ್ತ ನೋಡಿದರು, ಕೊಕ್ಕೆಯಿಂದ ಒಂದು ಕಡೆ ಕೆರೆದರು, ಹುಬ್ಬು ಗಂಟಿಕ್ಕಿದರು.

"ಸಾರ್, ನಿಜವಾಗಲೂ ಹುಳುಕಿದೆ. ಬೇರಿನವರೆಗೂ ಹೋಗಿದೆ. ಹೇಳೋಕೆ ಬೇಜಾರು, ಇನ್ನೂ ನಾಲ್ಕು ಸಲ ಬರಬೇಕಾಗುತ್ತೆ."

ನಮ್ಮನೆಯವರು ಛಾವಣಿಯಿಂದ ಕಣ್ಣು ಕೀಳದೆ ಕೇಳಿದರು, "ನಾಲ್ಕೇ ಸಾಕಾಗುತ್ತಾ ಡಾಕ್ಟ್ರೇ?"